ಹಳೆ ಪಂಕ್ ಶೋ ಕ್ಯಾಸೆಟ್ ಸರಿಯಾಗಿ ಕೇಳಿಸ್ತಿಲ್ವಾ? ಸಾಫ್ಟ್‌ವೇರ್ ತೆರೆಯೋ ಮುಂಚೆ ಇವನ್ನು ನೋಡಿ

ಕಳೆದ ಮಳೆಗಾಲದಲ್ಲಿ ಮಾಟುಂಗದ ಗೆಳೆಯನೊಬ್ಬ ಡೊಂಬಿವಿಲಿಯ ನಮ್ಮ ಮನೆಗೆ ಒಂದು ಬಿಸ್ಕೆಟ್ ಡಬ್ಬಿ ತಂದುಕೊಟ್ಟ. ಒಳಗೆ ಹನ್ನೊಂದು ಕ್ಯಾಸೆಟ್. ಕೆಲವು ಅವನೂ ಅವನ ಅಣ್ಣನೂ ತೊಂಬತ್ತರ ದಶಕದಲ್ಲಿ ಧೋಬಿ ತಲಾವ್‌ನ ರಂಗ ಭವನದಲ್ಲಿ ಚೀಲದೊಳಗೆ ರೆಕಾರ್ಡರ್ ಇಟ್ಟುಕೊಂಡು ಮಾಡಿದ್ದು. ಉಳಿದವು ಲಂಡನ್, ನ್ಯೂಯಾರ್ಕ್‌ನ ಪಂಕ್ ರಾಕ್ ಸಂಗೀತದ ಶೋಗಳ ಕಾಪಿಯ ಕಾಪಿ, ಕೈಯಿಂದ ಕೈಗೆ ಬಂದಿದ್ದು. ಎರಡನ್ನು ಅವನೇ ಕಂಪ್ಯೂಟರಿಗೆ ಹಾಕಿ ನಾಯ್ಸ್ ರಿಡಕ್ಷನ್ (ಹಿನ್ನೆಲೆಯ ಸದ್ದು ತೆಗೆಯುವುದು) ಮಾಡಿಕೊಂಡು ಬಂದಿದ್ದ. "ಎಂಥ ಮಾರಾಯ, ನೀರೊಳಗೆ ಕೂತು ಹಾಡಿದ ಹಾಗೆ ಕೇಳ್ತದೆ" ಅಂದ. ಹೌದು, ಹಾಗೇ ಇತ್ತು. ಆದರೆ ಟೇಪ್ ಚೆನ್ನಾಗಿಯೇ ಇತ್ತು. ಅದನ್ನು ನುಡಿಸುವ ಡೆಕ್ಕಿನಲ್ಲಿ, ಅಂದರೆ ಕ್ಯಾಸೆಟ್ ಪ್ಲೇಯರಿನಲ್ಲಿ, ಟೇಪಿಗೆ ತಾಗಿ ಶಬ್ದ ಓದುವ ಹೆಡ್ ಸ್ವಲ್ಪ ವಾಲಿತ್ತು, ಅಷ್ಟೇ.

ನಾನು ಇಷ್ಟು ದಿನದಲ್ಲಿ ಕಂಡಿದ್ದು ಇದೇ. ರೆಕಾರ್ಡಿಂಗ್ ಹಾಳಾಗಿದೆ ಅಂತ ನಾವು ಅಂದುಕೊಳ್ಳುವ ಹೆಚ್ಚಿನ ದೋಷಗಳು ನುಡಿಸುವ ಡೆಕ್ಕಿನಲ್ಲಿರುತ್ತವೆ. ಮೊದಲು ಟೇಪಿನಲ್ಲಿ ಇರುವುದೆಲ್ಲ ಪೂರ್ತಿ ಹೊರಗೆ ಬರಬೇಕು. ಕಂಪ್ಯೂಟರಿನ ಕೆಲಸ ಆಮೇಲೆ. ಅದಕ್ಕೇ ಕೆಳಗೆ ಎಲ್ಲವನ್ನೂ ಕಣ್ಣಿಗೆ, ಕಿವಿಗೆ ಬೀಳುವ ಲಕ್ಷಣದ ಪ್ರಕಾರ ಬರೆದಿದ್ದೇನೆ. ಖರ್ಚಿಲ್ಲದ್ದು ಮೊದಲು, ಕಷ್ಟದ್ದು ಆಮೇಲೆ.

ಶುರು ಮಾಡುವ ಮುಂಚೆ ಎರಡು ಮಾತು. ಕ್ಯಾಸೆಟ್ಟಿನ ಮೇಲಂಚಿನಲ್ಲಿರುವ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಡಿ, ಆಗ ತಪ್ಪಿ ರೆಕಾರ್ಡ್ ಒತ್ತಿದರೂ ಏನೂ ಅಳಿಯುವುದಿಲ್ಲ. ಮತ್ತೆ, ಈ ಕೆಲಸಗಳನ್ನು ಮೊದಲ ಸಲ ಮಾಡುವವರು ಯಾರಿಗೂ ಬೇಡದ ಒಂದು ಕ್ಯಾಸೆಟ್ ಮೇಲೆ ಮಾಡಿ ನೋಡಿ. ಒಂದೇ ಒಂದು ಪ್ರತಿ ಇರುವ ಟೇಪ್ ಮೇಲೆ ಕಲಿಯಬೇಡಿ.

ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಪುಡಿ, ಜೇಡರ ಬಲೆ ಥರದ ಎಳೆ ಕಾಣಿಸುತ್ತಿದೆ

ಇದು ಬೂಷ್ಟು. ಮುಂಬಯಿ, ಗೋವಾದ ನಾಲ್ಕು ತಿಂಗಳ ಮಳೆಯಲ್ಲಿ ಅಟ್ಟದ ಮೇಲಿದ್ದ ಟೇಪಿಗೆ ಇದು ಬರದೇ ಇದ್ದರೇ ಆಶ್ಚರ್ಯ. ಟಾರ್ಚ್ ಓರೆಯಾಗಿ ಹಿಡಿದು ಸುರುಳಿಯ ಅಂಚನ್ನು ನೋಡಿ. ನುಣ್ಣಗೆ ಕಪ್ಪು ಅಥವಾ ಕಂದು ಬಣ್ಣದಲ್ಲಿ ಹೊಳೆಯುತ್ತಿದ್ದರೆ ಸರಿ. ಬಿಳಿ ಚುಕ್ಕಿ, ಹತ್ತಿಯಂಥ ಎಳೆ ಕಂಡರೆ ಡೆಕ್‌ಗೆ ಹಾಕಲೇಬೇಡಿ. ಹಾಕಿದರೆ ಹೆಡ್ಡಿಗೆ ಅಂಟಿಕೊಂಡು ಮುಂದೆ ಹಾಕುವ ಒಳ್ಳೆ ಟೇಪಿಗೂ ದಾಟುತ್ತದೆ.

ಅಂಥದ್ದನ್ನು ಬೇರೆ ಮಾಡಿ, ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಒಂದೆರಡು ವಾರ ಇಡಿ. ಒದ್ದೆ ಬೂಷ್ಟು ಮೆತ್ತಿಕೊಳ್ಳುತ್ತದೆ, ಒಣಗಿದ್ದು ಪುಡಿಯಾಗಿ ಉದುರುತ್ತದೆ. ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ, ಶೆಲ್ (ಹೊರಗಿನ ಪ್ಲಾಸ್ಟಿಕ್ ಕವಚ) ಸೊಟ್ಟಗಾಗುತ್ತದೆ. ಒಣಗಿದ ಮೇಲೆ ಬಾಲ್ಕನಿಯಲ್ಲಿ, ಎನ್95 ಮಾಸ್ಕ್ ಹಾಕಿಕೊಂಡು, ಮೆತ್ತನೆ ಬ್ರಷ್‌ನಿಂದ ಅಂಚನ್ನು ಒರೆಸಬಹುದು. ಉಬ್ಬಸ ಇರುವವರು, ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಇದಕ್ಕೆ ಕೈ ಹಾಕಲೇಬೇಡಿ. ಸುರುಳಿಯ ಪದರಗಳೇ ಒಂದಕ್ಕೊಂದು ಅಂಟಿಕೊಂಡಿದ್ದರೂ ನಿಲ್ಲಿಸಿ, ಟೇಪ್ ದುರಸ್ತಿಯನ್ನೇ ಕಸುಬು ಮಾಡಿಕೊಂಡವರಿಗೆ ಕೊಡಿ.

ಟೇಪ್ ತಿರುಗುವುದಿಲ್ಲ, ಕಿರ್ ಅನ್ನುತ್ತದೆ, ಇಲ್ಲಾ ಡೆಕ್ ಟೇಪನ್ನು ತಿನ್ನುತ್ತದೆ

ಮೊದಲು ಆರು ಮೂಲೆಯ ಪೆನ್ಸಿಲ್ ಹಾಕಿ ಕೈಯಲ್ಲೇ ತಿರುಗಿಸಿ. ಹಗುರವಾಗಿ ತಿರುಗಿದರೆ ದೋಷ ಡೆಕ್ಕಿನದು. ಬಿಗಿಯಾಗಿದ್ದರೆ ಕ್ಯಾಸೆಟ್ಟಿನದು. ಬಿಗಿಯಾದದ್ದನ್ನು ಒಳ್ಳೆ ಡೆಕ್ಕಿನಲ್ಲಿ ಒಮ್ಮೆ ಕೊನೆಯವರೆಗೆ ಫಾರ್ವರ್ಡ್, ಮತ್ತೆ ಪೂರ್ತಿ ರಿವೈಂಡ್ ಮಾಡಿದರೆ ಎಷ್ಟೋ ಸಲ ಸಡಿಲವಾಗುತ್ತದೆ. ಇಪ್ಪತ್ತು ಮೂವತ್ತು ವರ್ಷ ಒಂದೇ ಭಂಗಿಯಲ್ಲಿ ಕೂತ ಸುರುಳಿ ಅದು.

ಡೆಕ್ ಟೇಪ್ ತಿನ್ನುತ್ತಿದ್ದರೆ ತಕ್ಷಣ ಸ್ಟಾಪ್ ಒತ್ತಿ, ಪ್ಲಗ್ ಕಿತ್ತು, ಆಮೇಲೆ ಕೈ ಹಾಕಿ. ಎಳೆಯಬೇಡಿ. ಪಿಂಚ್ ರೋಲರ್ ಅನ್ನುವ, ಟೇಪನ್ನು ಒತ್ತಿ ಎಳೆಯುವ ರಬ್ಬರ್ ಗಾಲಿಯ ಸುತ್ತ ಸುತ್ತಿಕೊಂಡಿದ್ದನ್ನು ರೋಲರನ್ನೇ ಬೆರಳಲ್ಲಿ ಹಿಂದಕ್ಕೆ ತಿರುಗಿಸುತ್ತ ಬಿಡಿಸಿ. ಕಾರಣ ಸಾಮಾನ್ಯವಾಗಿ ಎರಡು: ರೋಲರಿಗೆ ಕೊಳೆ ಹಿಡಿದು ಅಂಟಾಗಿರುತ್ತದೆ, ಅಥವಾ ಟೇಪನ್ನು ಸುತ್ತಿಕೊಳ್ಳುವ ಕಡೆಯ ಸ್ಪಿಂಡಲ್ ತಿರುಗುತ್ತಿರುವುದಿಲ್ಲ. ಎರಡನೆಯದಕ್ಕೆ ಬೆಲ್ಟ್ ಕಾರಣ. ಹಳೆ ರಬ್ಬರ್ ಬೆಲ್ಟ್ ಸಡಿಲವಾಗುತ್ತದೆ, ಕೆಲವು ಕರಗಿ ಡಾಂಬರಿನ ಹಾಗೆ ಆಗಿರುತ್ತವೆ. ಲ್ಯಾಮಿಂಗ್ಟನ್ ರೋಡಿನಲ್ಲೋ, ಪುಣೆಯಾದರೆ ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲೋ ಹಳೆ ಬೆಲ್ಟ್ ತೋರಿಸಿ ಅದೇ ಅಳತೆಯದ್ದು ಕೇಳಿ. ಡೆಕ್ ಬಿಚ್ಚುವಾಗ ಪ್ಲಗ್ ಹೊರಗಿರಲಿ, ಆದರೂ ಒಳಗಿನ ಪವರ್ ಸಪ್ಲೈ ಕಡೆ ಬೆರಳು ಹೋಗಬಾರದು. ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಸುಟ್ಟ ವಾಸನೆ ಬಂದ ಡೆಕ್ ನೇರ ರಿಪೇರಿಯವರ ಹತ್ತಿರ ಹೋಗಲಿ.

ನುಡಿಸುವಾಗ ಟೇಪೇ ಕಿರುಚುತ್ತಿದೆ, ಹೆಡ್ ಮೇಲೆ ಪ್ರತಿ ಐದು ನಿಮಿಷಕ್ಕೂ ಕಂದು ಪುಡಿ ಕೂರುತ್ತಿದೆ ಅಂದರೆ ಟೇಪಿನ ಲೇಪವೇ ಉದುರುತ್ತಿದೆ. ಉದುರಿದ್ದು ಹೋದ ಹಾಗೇ. ಅಲ್ಲಿಗೆ ನಿಲ್ಲಿಸಿ. ಓವನ್ನಿನಲ್ಲಿ ಬಿಸಿ ಮಾಡುವ ಉಪಾಯ ಕೇಳಿರುತ್ತೀರಿ. ಅದು ಸ್ಟುಡಿಯೋದ ಕೆಲವು ರೀಲ್ ಟೇಪುಗಳಿಗೆ, ತಾಪಮಾನ ಅಳೆದು ಮಾಡುವ ಕೆಲಸ. ಅಡುಗೆಮನೆಯ ಓವನ್ನಿಗೆ ಕ್ಯಾಸೆಟ್ ಹಾಕಬೇಡಿ.

ಎಲ್ಲವೂ ಮಂಕು, ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ

ಅತಿ ಹೆಚ್ಚು ಬರುವ ದೂರು ಇದು, ಅತಿ ಹೆಚ್ಚು ಸರಿಹೋಗುವುದೂ ಇದೇ. ಸಿಂಬಲ್ (ಡ್ರಮ್ ಸೆಟ್ಟಿನ ತಾಳ) ಸದ್ದು ಇಲ್ಲವೇ ಇಲ್ಲ, ಗಿಟಾರ್ ಬರೀ ಗೊಣಗುತ್ತದೆ, ಹಾಡಿನ ಮಾತು ತಿಳಿಯುವುದಿಲ್ಲ. ತಕ್ಷಣ ಈಕ್ವಲೈಜರ್ ತೆಗೆದು ಟ್ರೆಬಲ್ ಏರಿಸಬೇಡಿ.

ಹೆಡ್ ಒರೆಸಿ. ಹತ್ತಿ ಕಡ್ಡಿಗೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಹಚ್ಚಿ ಹೆಡ್, ಕ್ಯಾಪ್ಸ್ಟನ್ ಅನ್ನುವ ಕಬ್ಬಿಣದ ಕಡ್ಡಿ, ಗೈಡ್‌ಗಳನ್ನು ಕಡ್ಡಿ ಬೆಳ್ಳಗೆ ಬರುವ ತನಕ ಒರೆಸಿ. ರಬ್ಬರ್ ರೋಲರಿಗೆ ಮಾತ್ರ ಸೋಪಿನ ನೀರಿನ ಒದ್ದೆ ಬಟ್ಟೆ ಸಾಕು, ಆಲ್ಕೋಹಾಲ್‌ನಿಂದ ರಬ್ಬರ್ ಒಣಗುತ್ತದೆ. ಇದು ಬೇಗ ಬೆಂಕಿ ಹಿಡಿಯುವ ದ್ರವ, ಕಿಟಕಿ ತೆರೆದಿಡಿ, ಹತ್ತಿರ ಊದುಬತ್ತಿ ದೀಪ ಇರಬಾರದು.

ಡಾಲ್ಬಿ ಗುಂಡಿ ನೋಡಿ. ಟೇಪಿನ ಹಿಸ್ ಅನ್ನುವ ಸದ್ದು ತಗ್ಗಿಸುವ ಏರ್ಪಾಡು ಅದು. ಚೀಲದಲ್ಲಿ ಇಡುತ್ತಿದ್ದ ಸಣ್ಣ ಮೋನೋ ರೆಕಾರ್ಡರುಗಳಲ್ಲಿ ಡಾಲ್ಬಿ ಇರಲಿಲ್ಲ. ಅಂಥ ಟೇಪನ್ನು ಡಾಲ್ಬಿ ಹಾಕಿ ನುಡಿಸಿದರೆ ಹಿಸ್ ಜೊತೆ ಟ್ರೆಬಲ್ಲೂ ಹೋಗುತ್ತದೆ. ಆಫ್ ಮಾಡಿ ಕೇಳಿ.

ಪ್ಯಾಡ್ ನೋಡಿ. ಕ್ಯಾಸೆಟ್ಟಿನ ತೆರೆದ ಬದಿಯಲ್ಲಿ ನಡುವೆ, ತಾಮ್ರದ ಬಣ್ಣದ ತಗಡಿನ ಮೇಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಫೆಲ್ಟ್ ತುಂಡು ಇರಬೇಕು. ಅದೇ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು. ಹಳೆ ಕ್ಯಾಸೆಟ್ಟಿನಲ್ಲಿ ಗೋಂದು ಒಣಗಿ ಅದು ಬಿದ್ದುಹೋಗಿರುತ್ತದೆ. ಗೆಳೆಯನ ಡಬ್ಬಿಯಲ್ಲಿದ್ದ ಮೂರಕ್ಕೆ ಹೀಗೇ ಆಗಿತ್ತು, ಶಬ್ದ ಬರುತ್ತಿತ್ತು, ಹೋಗುತ್ತಿತ್ತು. ಸುಲಭದ ದಾರಿ ಅಂದರೆ ಟೇಪನ್ನು ಇನ್ನೊಂದು ಒಳ್ಳೆ ಶೆಲ್‌ಗೆ ವರ್ಗ ಮಾಡುವುದು. ಫ್ಯಾನ್ ಆಫ್ ಮಾಡಿ, ಇದನ್ನು ಮರೆಯಬೇಡಿ. ಸ್ಟೀಲ್ ತಟ್ಟೆಯಲ್ಲಿ ಬಿಳಿ ಟವೆಲ್ ಹಾಸಿ, ಐದು ಸಣ್ಣ ಸ್ಕ್ರೂ ಬಿಚ್ಚಿ, ಮೇಲಿನ ಹೋಳನ್ನು ನೇರಕ್ಕೆ ಎತ್ತಿ. ಒಳಗಿದ್ದದ್ದರ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಎರಡು ಮೂಲೆಯಲ್ಲಿ ಎರಡು ಪುಟ್ಟ ಗಾಲಿ, ಮೇಲೆ ಕೆಳಗೆ ತೆಳ್ಳನೆ ಜಾರುವ ಹಾಳೆ, ನಡುವೆ ಪ್ಯಾಡ್. ಎರಡೂ ಸುರುಳಿಗಳನ್ನು ಎರಡು ಬೆರಳಲ್ಲಿ ಒಟ್ಟಿಗೆ ಎತ್ತಿ ಹೊಸ ಮನೆಯಲ್ಲಿ ಕೂರಿಸಿ, ಗಾಲಿಗಳ ಹೊರಗಿನಿಂದ ಟೇಪ್ ಹಾಯಿಸಿ ಮುಚ್ಚಿ. ಟೇಪಿನ ಮೈ ಮುಟ್ಟಬೇಡಿ, ಅಂಚು ಮುಟ್ಟಿದರೆ ಸಾಕು. ಹೊಸ ಶೆಲ್ ಅದೇ ಟೈಪಿನದ್ದಿರಲಿ, ಸಾಮಾನ್ಯ ಟೇಪಿಗೆ ಸಾಮಾನ್ಯದ್ದು, ಕ್ರೋಮ್ ಲೇಪದ ಟೇಪಿಗೆ ಕ್ರೋಮಿನದ್ದು. ಕ್ರೋಮ್ ಶೆಲ್‌ನ ಬೆನ್ನಲ್ಲಿ ಹೆಚ್ಚಿನ ಖಾಚು ಇರುತ್ತದೆ, ಡೆಕ್ ಅದನ್ನು ನೋಡಿಯೇ ಟ್ರೆಬಲ್ ಎಷ್ಟು ಅಂತ ತೀರ್ಮಾನಿಸುತ್ತದೆ. ಸಾಮಾನ್ಯ ಟೇಪನ್ನು ಕ್ರೋಮ್ ಶೆಲ್‌ಗೆ ಹಾಕಿದರೆ ಮತ್ತೆ ಮಂಕು. ಸ್ಕ್ರೂ ಇಲ್ಲದ, ಅಂಟಿಸಿದ ಶೆಲ್ ಆದರೆ ಬ್ಲೇಡ್ ಹಾಕಿ ಬಿರಿಯಬೇಕು, ಮೊದಲು ಬೇಡದ್ದರ ಮೇಲೆ ಕೈ ಪಳಗಿಸಿ.

ಇಷ್ಟಾದರೂ ಮಂಕಾಗಿದ್ದರೆ ಅಜಿಮತ್. ಅಂದರೆ ಟೇಪಿನ ಓಟಕ್ಕೆ ಹೆಡ್ಡಿನ ಸೀಳು ನೇರ ಲಂಬವಾಗಿ ನಿಂತಿದೆಯೋ ಇಲ್ಲವೋ ಅನ್ನುವುದು. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಎಷ್ಟು ವಾಲಿತ್ತೋ ನಿಮ್ಮದೂ ಅಷ್ಟೇ ವಾಲಬೇಕು, ಆಗಲೇ ಟ್ರೆಬಲ್ ಪೂರ್ತಿ ಬರುವುದು. ಹೆಡ್ಡಿನ ಒಂದು ಬದಿಯಲ್ಲಿ, ಸ್ಪ್ರಿಂಗ್ ಮೇಲೆ ಕೂತ ಒಂದು ಸ್ಕ್ರೂ ಇರುತ್ತದೆ, ಸಾಮಾನ್ಯವಾಗಿ ಬಣ್ಣದ ಸೀಲ್ ಬಿದ್ದಿರುತ್ತದೆ. ಅದು ಇದ್ದ ಜಾಗವನ್ನು ಮಾರ್ಕರಿನಲ್ಲಿ ಗುರುತಿಸಿಕೊಳ್ಳಿ. ಸಿಂಬಲ್ ಜಾಸ್ತಿ ಇರುವ ಜಾಗ ನುಡಿಸಿ, ಎಡ ಬಲ ಎರಡನ್ನೂ ಮೋನೋಗೆ ಸೇರಿಸಿ ಹೆಡ್‌ಫೋನಿನಲ್ಲಿ ಕೇಳುತ್ತ, ಆಯಸ್ಕಾಂತ ಇಲ್ಲದ ಸಣ್ಣ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸಿ. ಕಾಲು ಸುತ್ತಿಗಿಂತ ಜಾಸ್ತಿ ಬೇಕಾಗುವುದು ಅಪರೂಪ. ಸರಿಯಾದ ಜಾಗ ಸಿಕ್ಕಿದ ಕ್ಷಣ ಗೊತ್ತಾಗುತ್ತದೆ. ಕಂಬಳಿ ಸರಿದ ಹಾಗೆ ಸಿಂಬಲ್ ಮೇಲೇಳುತ್ತದೆ, ಮುಂದಿನ ಸಾಲಿನವರ ಕೂಗು ಬೇರೆ ಬೇರೆಯಾಗಿ ಕೇಳಿಸುತ್ತದೆ. ಗೆಳೆಯ ಆಗ ಪಕ್ಕದಲ್ಲೇ ಕೂತಿದ್ದ, ಹೆಡ್‌ಫೋನ್ ಕಿತ್ತುಕೊಂಡು ಪೂರ್ತಿ ಹಾಡು ಕೇಳಿದ. ಪ್ರತಿ ಟೇಪಿಗೂ, ಕೆಲವೊಮ್ಮೆ ಎ ಬದಿಗೂ ಬಿ ಬದಿಗೂ, ಇದನ್ನು ಬೇರೆಬೇರೆಯಾಗಿ ಮಾಡಬೇಕು. ಕೆಲಸ ಮುಗಿದ ಮೇಲೆ ಅಂಗಡಿಯಿಂದ ತಂದ ಕಂಪನಿ ಕ್ಯಾಸೆಟ್ ಹಾಕಿ ಸ್ಕ್ರೂ ಹಿಂದಿನ ಜಾಗಕ್ಕೆ ತನ್ನಿ.

ಹೆಡ್‌ಫೋನ್ ವಾಲ್ಯೂಮ್ ಕಮ್ಮಿ ಇಟ್ಟುಕೊಂಡೇ ಶುರು ಮಾಡಿ. ಇಂಥ ಟೇಪಿನಲ್ಲಿ ಮೌನದ ಹಿಂದೆಯೇ ಡ್ರಮ್ ಸಿಡಿಯುತ್ತದೆ.

ಒಂದೇ ಕಿವಿಯಲ್ಲಿ ಶಬ್ದ

ಡೆಕ್ಕಿನ ಕಡೆ ಎಡ ಬಲ ವೈರ್ ಅದಲು ಬದಲು ಮಾಡಿ. ದೋಷವೂ ಇನ್ನೊಂದು ಕಿವಿಗೆ ಹೋದರೆ ಡೆಕ್ ಅಥವಾ ಟೇಪಿನದು, ಹೋಗದಿದ್ದರೆ ವೈರ್ ಇಲ್ಲಾ ಕಂಪ್ಯೂಟರಿನ ಕಡೆಯದು. ಮೋನೋ ಟೇಪಾದರೆ ಚಿಂತೆ ಇಲ್ಲ, ಚೆನ್ನಾಗಿರುವ ಬದಿಯನ್ನೇ ಇಟ್ಟುಕೊಳ್ಳಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಮಾತ್ರ ಕೊಡಬೇಡಿ. ಅದು ಸಾಮಾನ್ಯವಾಗಿ ಮೋನೋ, ಮೇಲಾಗಿ ಡೆಕ್ಕಿನ ಲೈನ್ ಔಟ್ ಅದಕ್ಕೆ ತೀರಾ ಜೋರು. ಲೈನ್ ಇನ್ ಇರುವ ಸಣ್ಣ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಬೇಕು, ಈ ಕೆಲಸದಲ್ಲಿ ಹಣ ಹಾಕಬೇಕಾದ ಜಾಗ ಅದೊಂದೇ.

ಹಿಂದೆ ಗುಂಯ್ ಅನ್ನುತ್ತದೆ

ಪಾಜ್ ಗುಂಡಿ ಒತ್ತಿ ಟೇಪ್ ನಿಲ್ಲಿಸಿ. ಗುಂಯ್ ಹಾಗೇ ಇದ್ದರೆ ನಿಮ್ಮ ಮನೆಯದ್ದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ, ಡೆಕ್ಕನ್ನೂ ಇಂಟರ್‌ಫೇಸನ್ನೂ ಒಂದೇ ಬೋರ್ಡಿಗೆ ಹಾಕಿ. ಹೆಚ್ಚಿನ ಸಲ ಅಷ್ಟಕ್ಕೇ ಹೋಗುತ್ತದೆ. ಡೆಕ್ಕಿನ ಅರ್ತ್ ಪಿನ್ ಮುರಿಯುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಜೀವಕ್ಕೆ ಅಪಾಯ.

ಪಾಜ್ ಒತ್ತಿದಾಗ ಗುಂಯ್ ನಿಂತರೆ ಅದು ಟೇಪಿನಲ್ಲೇ ಇದೆ, ಅಂದು ವೇದಿಕೆಯ ಆಂಪ್ಲಿಫೈಯರಿನಿಂದ ಬಂದದ್ದು. ಅದನ್ನು ಅಳಿಸಬೇಡಿ. ಮುಂದಿನ ದೋಷಕ್ಕೆ ಅದೇ ಅಳತೆಕೋಲು.

ಗಾಯಕನ ದನಿ ಕೀಚಲು, ಹಾಡು ಓಡುತ್ತಿದೆ, ಅಥವಾ ಎಳೆಯುತ್ತಿದೆ

ಪಂಕ್ ಹಾಡು ಹೇಗೂ ಓಟದ್ದೇ, ಹಾಗಾಗಿ ಎಷ್ಟೋ ಜನ ಇದನ್ನು ಗಮನಿಸುವುದೇ ಇಲ್ಲ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಸುಮಾರು 6% ತಪ್ಪಿದರೆ ಇಡೀ ಶೋ ಅರ್ಧ ಸ್ವರ ಆಚೀಚೆ ಆಗುತ್ತದೆ. ಮೊದಲು ಒಂದು ಕಂಪನಿ ಕ್ಯಾಸೆಟ್ ಹಾಕಿ, ಅದೇ ಹಾಡಿನ ಸಿ.ಡಿ.ಯ ಜೊತೆ ಹೋಲಿಸಿ. ಅದೂ ಓಡುತ್ತಿದ್ದರೆ ಡೆಕ್ ತಪ್ಪು, ಇಲ್ಲದಿದ್ದರೆ ಟೇಪ್.

ಟೇಪಿನದಾದರೆ ಗುಂಯ್ ಉಪಯೋಗಕ್ಕೆ ಬರುತ್ತದೆ. ಭಾರತದಲ್ಲಿ, ಇಂಗ್ಲೆಂಡಿನಲ್ಲಿ ಕರೆಂಟು 50 ಹರ್ಟ್ಜ್, ಅಮೆರಿಕದಲ್ಲಿ 60. ಲಂಡನ್ ಶೋ ಟೇಪಿನಲ್ಲಿ ಗುಂಯ್ 50ರಲ್ಲಿ, ಅದರ ಮರಿಗಳು 100, 150, 250ರಲ್ಲಿ ಇರಬೇಕು. ಆಡಾಸಿಟಿ ಅನ್ನುವ ಉಚಿತ ಆಡಿಯೋ ಸಾಫ್ಟ್‌ವೇರಿನಲ್ಲಿ ಎರಡು ಹಾಡಿನ ನಡುವಿನ ಮೌನವನ್ನು ಆರಿಸಿ ಸ್ಪೆಕ್ಟ್ರಮ್ (ಎಷ್ಟು ಹರ್ಟ್ಜ್‌ನಲ್ಲಿ ಎಷ್ಟು ಸದ್ದಿದೆ ಅನ್ನುವ ನಕ್ಷೆ) ನೋಡಿ. 50ರ ಬದಲು 150ನ್ನೇ ಹುಡುಕಿ, ಅಲ್ಲಿ ವ್ಯತ್ಯಾಸ ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಅದು 154.5ರಲ್ಲಿ ಕಂಡರೆ ಟೇಪ್ 3% ಜೋರಾಗಿ ಓಡುತ್ತಿದೆ. ವೇಗವನ್ನೂ ಸ್ವರವನ್ನೂ ಒಟ್ಟಿಗೆ ಬದಲಿಸುವ ಎಫೆಕ್ಟ್ ಬಳಸಿ, ಬರೀ ಸ್ವರ ಅಥವಾ ಬರೀ ಟೆಂಪೋ ಬದಲಿಸುವುದನ್ನಲ್ಲ. ನ್ಯೂಯಾರ್ಕ್ ಟೇಪಿನಲ್ಲಿ 50 ಕಂಡರೆ ಅದು ನಿಮ್ಮ ಗೋಡೆಯ ಕರೆಂಟು, ಇಲ್ಲಾ ನಡುವೆ ಕಾಪಿ ಮಾಡಿದ ಕಡೆಯದು, ಅದನ್ನು ನಂಬಬೇಡಿ.

ನಮ್ಮ ಊರಿನ ಟೇಪುಗಳಿಗೆ ಇದು ಅಂದಾಜು ಮಾತ್ರ. ಆ ಕಾಲದಲ್ಲಿ ಇಲ್ಲಿ ಕರೆಂಟೇ 50ರ ಆಚೀಚೆ ಸಾಕಷ್ಟು ಓಲಾಡುತ್ತಿತ್ತು, ಬಯಲು ಶೋಗಳಲ್ಲಿ ಜನರೇಟರ್ ಬೇರೆ. ಅದಕ್ಕೇ ಗಿಟಾರಿನ ದಪ್ಪ ತಂತಿ ಖಾಲಿ ಮೀಟಿದ ಜಾಗ ಹುಡುಕಿ, ಅದು 82.4 ಹರ್ಟ್ಜ್ ಹತ್ತಿರ ಬರಬೇಕು. ಎರಡೂ ಒಂದೇ ಮಾತು ಹೇಳಿದರೆ ನಂಬಿ. ಬ್ಯಾಂಡ್ ಅರ್ಧ ಸ್ವರ ಇಳಿಸಿಯೂ ಶ್ರುತಿ ಮಾಡಿರಬಹುದು, ಆ ಬ್ಯಾಂಡಿನ ಬೇರೆ ರೆಕಾರ್ಡಿಂಗ್ ಸಿಕ್ಕರೆ ಕೇಳಿ ನೋಡಿ.

ಇನ್ನೊಂದು ಲಕ್ಷಣ: ಶುರುವಿಗೆ ಸರಿಯಿದ್ದು ಕೊನೆಗೆ ಹೋಗ್ತಾ ಹೋಗ್ತಾ ಹಾಡು ಓಡತೊಡಗುತ್ತದೆ. ಅಂದು ರೆಕಾರ್ಡರಿನ ಸೆಲ್ ಸೋಲುತ್ತಿತ್ತು ಅಂತ ಅರ್ಥ. ಯಂತ್ರ ನಿಧಾನವಾಗಿ ಬರೆದದ್ದನ್ನು ನಿಮ್ಮ ಡೆಕ್ ಸರಿಯಾದ ವೇಗದಲ್ಲಿ ಓದುತ್ತಿದೆ. ಹಾಡು ಹಾಡಾಗಿ ಅಳೆದು, ಹಾಡು ಹಾಡಾಗಿ ಸರಿ ಮಾಡಬೇಕು. ಒಂದು ಸಂಜೆ ಪೂರ್ತಿ ಹೋಗುತ್ತದೆ, ಆದರೂ ಮಾಡಿ.

ಶಬ್ದ ಒಡೆದು ಹೋಗಿದೆ, ಇಲ್ಲಾ ಉಸಿರಾಡುತ್ತಿದೆ

ಕಂಪ್ಯೂಟರಿನಲ್ಲಿ ಅಲೆಯ ತಲೆ ಮೇಲಿನ ಗೆರೆಗೆ ತಾಗಿ ಚಪ್ಪಟೆಯಾಗಿದ್ದರೆ ತಪ್ಪು ನಿಮ್ಮ ಲೆವೆಲ್‌ನದು, ಇಳಿಸಿ ಮತ್ತೆ ಹಾಕಿ. ಅತಿ ಜೋರಿನ ಜಾಗ ಮೈನಸ್ 6 ಡಿಬಿ (ಡೆಸಿಬೆಲ್) ದಾಟದಿರಲಿ. ಗೆರೆಗಿಂತ ಎಷ್ಟೋ ಕೆಳಗೇ ಒಡೆದ ಸದ್ದು ಇದ್ದರೆ ಅಂದು ಮೈಕೇ ತಾಳಲಿಲ್ಲ. ಸಾಫ್ಟ್‌ವೇರ್ ಅದನ್ನು ಸ್ವಲ್ಪ ಸವರಬಹುದು, ವಾಪಸ್ ತರಲಾಗದು. ಪ್ರತಿ ಡ್ರಮ್ ಏಟಿಗೂ ಉಳಿದದ್ದೆಲ್ಲ ಕುಗ್ಗಿ ಮತ್ತೆ ಉಬ್ಬುತ್ತಿದ್ದರೆ ಅದು ರೆಕಾರ್ಡರ್ ತಾನೇ ಲೆವೆಲ್ ಏರಿಸಿ ಇಳಿಸಿದ್ದು. ಇವೆರಡನ್ನೂ ನಾನು ಹಾಗೇ ಬಿಡುತ್ತೇನೆ.

ಹಾಡು ಶುರುವಾಗುವ ಮೊದಲೇ ಅದರ ನೆರಳು ಸಣ್ಣಗೆ ಕೇಳಿಸಿದರೆ, ಸುತ್ತಿಟ್ಟ ಟೇಪಿನ ಒಂದು ಪದರ ಪಕ್ಕದ್ದಕ್ಕೆ ಅಚ್ಚಾಗಿದೆ. ತೆಳ್ಳನೆಯ 120 ನಿಮಿಷದ ಟೇಪಿನಲ್ಲಿ ಜಾಸ್ತಿ. ನುಡಿಸುವ ಮುಂಚೆ ಎರಡು ಮೂರು ಸಲ ಪೂರ್ತಿ ಹಿಂದೆ ಮುಂದೆ ಸುತ್ತಿದರೆ ಸ್ವಲ್ಪ ಕಮ್ಮಿಯಾಗುತ್ತದೆ.

ಕ್ಲೀನ್ ಮಾಡಿದ ಮೇಲೆ ನೀರೊಳಗಿನ ಹಾಗೆ ಕೇಳಿಸುತ್ತದೆ

ನಾಯ್ಸ್ ರಿಡಕ್ಷನ್ ಜಾಸ್ತಿಯಾಯಿತು. ಪಂಕ್ ಗಿಟಾರಿನ ಗೊರಗೊರ, ಜನರ ಗದ್ದಲ, ಟೇಪಿನ ಹಿಸ್ ಮೂರೂ ಆ ಸಾಫ್ಟ್‌ವೇರಿಗೆ ಒಂದೇ ಥರ ಕಾಣುತ್ತವೆ. 6 ಡಿಬಿಗಿಂತ ಜಾಸ್ತಿ ತೆಗೆಯಬೇಡಿ, ಅನುಮಾನ ಇದ್ದರೆ ತೆಗೆಯಲೇಬೇಡಿ. ಹಾಡುಗಳ ನಡುವಿನ ಮಾತನ್ನೂ ಕತ್ತರಿಸಬೇಡಿ. ಅಜಿಮತ್ ಸರಿಹೋದ ಮೇಲೆ ಗೆಳೆಯನ ಟೇಪಿನಲ್ಲಿ ಮೈಕಿನ ಪಕ್ಕದಲ್ಲೇ ಒಂದು ದನಿ ಸ್ಪಷ್ಟವಾಗಿ ಕೇಳಿಸಿತು: "ಕಡೇ ಲೋಕಲ್ ಎಷ್ಟೊತ್ತಿಗೋ?" ಅವನ ಅಣ್ಣ. ಗೆಳೆಯ ಮಾಡಿಕೊಂಡು ಬಂದಿದ್ದ ಫೈಲಿನಲ್ಲಿ ಆ ಜಾಗ ಬರೀ ಬುಳುಬುಳು.

ಅದಕ್ಕೇ ಟೇಪಿನಿಂದ ಬಂದ ಮೊದಲ ಫೈಲನ್ನು, 24 ಬಿಟ್ 48 ಕಿಲೋಹರ್ಟ್ಜ್ ವೇವ್, ಮುಟ್ಟದೆ ಎರಡು ಕಡೆ ಇಡಿ. ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಕೆಲಸ ಮಾಡುವುದು ಅದರ ಪ್ರತಿಯ ಮೇಲೆ.

ಹಂಚಿದ ಮೇಲೆ ಬರುವ ದೂರುಗಳು

"ಹಾಡುಗಳ ನಡುವೆ ಟಕ್ ಅಂತ ಮೌನ" ಅಂದರೆ ಹಾಡುಗಳಾಗಿ ಕತ್ತರಿಸಿ ಎಂಪಿ3 ಮಾಡಿದ್ದೀರಿ. ಫ್ಲಾಕ್ (FLAC) ಅನ್ನುವ ಫೈಲ್ ಮಾಡಿ. ಅದರಲ್ಲಿ ಏನೂ ಕಳೆಯುವುದಿಲ್ಲ, ಅಂತರವೂ ಬೀಳುವುದಿಲ್ಲ. ಎಂಪಿ3ಯಿಂದ ಮತ್ತೆ ಫ್ಲಾಕ್ ಮಾಡಿ ಹಂಚಬೇಡಿ, ಹೋದದ್ದು ವಾಪಸ್ ಬರುವುದಿಲ್ಲ, ಪಡೆದವರಿಗೆ ಅದು ಗೊತ್ತೂ ಆಗುವುದಿಲ್ಲ. ಬದಿ ಮುಗಿದು ಹಾಡು ಅರ್ಧಕ್ಕೆ ನಿಂತಿದ್ದರೆ ಹಾಗೇ ಬಿಟ್ಟು, ಜೊತೆಗಿಡುವ ಟೆಕ್ಸ್ಟ್ ಫೈಲಿನಲ್ಲಿ ಬರೆಯಿರಿ. ಅದರಲ್ಲೇ ಊರು, ಜಾಗ, ತಾರೀಕು, ಮೂಲ ಟೇಪೋ ಎಷ್ಟನೇ ಕಾಪಿಯೋ, ಯಾವ ಡೆಕ್, ವೇಗ ಎಷ್ಟು ಬದಲಿಸಿದಿರಿ ಎಲ್ಲ ಇರಲಿ. ತಾರೀಕು ಖಚಿತ ಇಲ್ಲದಿದ್ದರೆ ಊಹೆ ಅಂತಲೇ ಬರೆಯಿರಿ. ತಪ್ಪು ತಾರೀಕು ಒಮ್ಮೆ ಹೊರಗೆ ಹೋದರೆ ಹಿಡಿಯಲಾಗುವುದಿಲ್ಲ.

"ಇದನ್ನು ತೆಗೆಯಿರಿ" ಅಂತ ಬ್ಯಾಂಡಿನವರೇ ಹೇಳಿದರೆ ವಾದ ಬೇಡ, ತೆಗೆಯಿರಿ. ನಮ್ಮ ಕಾನೂನಿನಲ್ಲಿ ಹಾಡಿದವರಿಗೆ, ನುಡಿಸಿದವರಿಗೆ ಆ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿದೆ, ಹಾಡು ಬರೆದವರ ಹಕ್ಕು ಅದರ ಮೇಲೆ ಬೇರೆ. ಮೊದಲೇ ಕೇಳುವುದು ಒಳ್ಳೆಯದು. ಕೇಳಿದರೆ ಖುಷಿಯಿಂದ ಹೂಂ ಅನ್ನುವವರು ಎಷ್ಟೋ ಜನ ಇದ್ದಾರೆ. ವಾಷಿಂಗ್ಟನ್ನಿನ ಫುಗಾಜಿ ಬ್ಯಾಂಡ್ ತಮ್ಮ ಶೋಗಳ ರೆಕಾರ್ಡಿಂಗುಗಳನ್ನು 2011ರಿಂದ ತಾವೇ ಜನರಿಗೆ ಕೊಡುತ್ತಿದ್ದಾರೆ. ಇಂಟರ್ನೆಟ್ ಆರ್ಕೈವ್‌ನ ಲೈವ್ ಮ್ಯೂಸಿಕ್ ವಿಭಾಗ 2002ರಿಂದ ಒಪ್ಪಿಗೆ ಕೊಟ್ಟ ಬ್ಯಾಂಡುಗಳದ್ದನ್ನು ಇಟ್ಟುಕೊಂಡಿದೆ. ದುಡ್ಡಿಗೆ ಮಾತ್ರ ಮಾರಬೇಡಿ.

ಫೈಲ್ ಆಯಿತು ಅಂತ ಕ್ಯಾಸೆಟ್ ಎಸೆಯಬೇಡಿ. ಪೂರ್ತಿ ಒಂದು ಬದಿಗೆ ಸುತ್ತಿ, ಸ್ಪೀಕರಿನಿಂದ ದೂರ, ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಜೂನ್ ಬರುವ ಮುಂಚೆ ಜೆಲ್ ಬದಲಿಸಿ.